ಮುಗಿಲು ಬಲ್ಲವರು ದಿಲ್ಲಿಯ ಕುರ್ಚಿಯಲ್ಲಿ ಕೂತಾಗ: ರೊದ್ದಂ ನರಸಿಂಹ ಅವರಿಗೊಂದು ಬಹಿರಂಗ ಪತ್ರ

ಮಾನ್ಯ ರೊದ್ದಂ ನರಸಿಂಹ ಸರ್ ಅವರಿಗೆ,



ನೀವು 2020ರ ಡಿಸೆಂಬರ್ 14ರಂದು ತೀರಿಕೊಂಡಿರಿ. ಈ ಪತ್ರ ನಿಮ್ಮ ಕೈ ಸೇರುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನೀವು ಕೂತೆದ್ದ ಕುರ್ಚಿಗಳಲ್ಲಿ ಈಗ ಕೂತವರಿಗೆ ನೇರವಾಗಿ ಬರೆದರೆ ಅದು ಅರ್ಜಿಯಾಗುತ್ತದೆ, ಅರ್ಜಿಗೆ ಒಂದು ನಂಬರು ಬೀಳುತ್ತದೆ, ಅಲ್ಲಿಗೆ ಮುಗಿಯಿತು. ನಿಮ್ಮ ಹೆಸರಿಗೆ ಬರೆದರೆ ಅವರೂ ಓದಿಯಾರು. ಗಾಳಿ, ಮೋಡಗಳನ್ನು ಓದಿದ ವಿಜ್ಞಾನಿಯೊಬ್ಬರು ಸರ್ಕಾರಕ್ಕೆ ಸಲಹೆ ಹೇಳುವ ಜಾಗಕ್ಕೆ ಹೋದರೆ ಏನಾಗಬೇಕು, ಏನಾಯಿತು, ಏನಾಗದೇ ಉಳಿಯಿತು ಎಂಬುದನ್ನು ತೊಗರಿ ಹೊಲದ ಬದುವಿನ ಮೇಲೆ ನಿಂತವನೂ ಒಮ್ಮೆ ಕೇಳಬೇಕಲ್ಲ.

ಯಾದಗಿರಿ ಜಿಲ್ಲೆಯ ನಮ್ಮೂರು ಅಬ್ಬೆತುಮಕೂರು ಹೊರಗಿನವರಿಗೆ ಗೊತ್ತಿರುವುದು ವಿಶ್ವಾರಾಧ್ಯರ ಮಠದಿಂದ. ಜಾತ್ರೆಗೆ ಬಂದವರು ತೇರು ನೋಡಿ ಹೋಗುತ್ತಾರೆ, ನಮ್ಮ ಹೊಲಗಳನ್ನು ನೋಡುವುದು ಕಡಿಮೆ. ಕೃಷ್ಣೆಗೆ ನಾರಾಯಣಪುರದಲ್ಲಿ ಕಟ್ಟಿದ ಬಸವಸಾಗರದ ಎಡದಂಡೆ ಕಾಲುವೆ ಹರಿದ ಮೇಲೆ ಸುರಪುರ, ಶಹಾಪುರದ ಎಷ್ಟೋ ಹೊಲಗಳು ಭತ್ತದ ಗದ್ದೆಗಳಾದವು. ಕಾಲುವೆ ಕಾಣದ ಹೊಲಗಳು ಮಾತ್ರ ಇವತ್ತಿಗೂ ಮುಗಿಲು ನೋಡುತ್ತವೆ. ಹೆಸರು, ತೊಗರಿ, ಹತ್ತಿ, ಜೋಳ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಜಡಿದು, ಮುದುಕರನ್ನು ಊರಲ್ಲಿ ಬಿಟ್ಟು, ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಜನ ನಿಮ್ಮ ಬೆಂಗಳೂರಿಗೆ ಗುಳೆ ಬರುತ್ತಾರೆ, ಕಟ್ಟಡದ ಕೆಲಸಕ್ಕೆ. ಅಲ್ಲಿ ಏಳುವ ಮಹಡಿಗಳ ಎಣಿಕೆಯಲ್ಲಿ ನಮ್ಮ ಕಡೆಯ ಮಳೆಯ ಲೆಕ್ಕವೂ ಇದೆ ಸರ್.

ಜೂನ್ ಮೊದಲ ವಾರದ ನಮ್ಮ ತಳಮಳ ನಿಮಗೆ ಹೇಳಬೇಕು. ಮಿರಗ, ಅಂದರೆ ಮೃಗಶಿರಾ ನಕ್ಷತ್ರ, ಕೂಡುವುದು ಜೂನ್ 7–8ರ ಸುಮಾರಿಗೆ. ಅದಕ್ಕೂ ಮೊದಲು ರೋಹಿಣಿ. ರೋಹಿಣಿ ಮಳೆ ಆದರೆ ಓಣಿ ತುಂಬ ಜೋಳ ಎಂಬ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಒಂದು ಒಳ್ಳೆಯ ಮಳೆ ಬಿದ್ದ ಮರುದಿನ ಎರಿ ಹೊಲಕ್ಕೆ ಹೋಗಿ, ಕುರ್ಚಿಗಿಯಿಂದ ಮಣ್ಣು ಕೆದರಿ ಹಸಿ ಎಲ್ಲಿಯವರೆಗೆ ಇಳಿದಿದೆ ಎಂದು ನೋಡುತ್ತೇವೆ. ಮೇಲೆ ಎರಡು ಬೆರಳು ಹಸಿ, ಕೆಳಗೆ ಬಿಸಿ ಮಣ್ಣು ಇದ್ದರೆ ಬಿತ್ತುವ ಹಾಗಿಲ್ಲ. ಗೇಣುದ್ದ ಇಳಿದಿದ್ದರೆ ಹೆಸರು ಬಿತ್ತಬಹುದು, ತೊಗರಿಯನ್ನೂ ಬಿಡಬಹುದು. ಆದರೆ ಆ ಮಳೆಯ ಹಿಂದೆ ಇನ್ನೊಂದು ಮಳೆ ಇದೆಯೋ, ಇಲ್ಲಾ ಮೂರು ವಾರ ಬರೀ ಗಾಳಿಯೋ? ಹೆಸರು ಎರಡು ತಿಂಗಳು ಚಿಲ್ಲರೆ ದಿನದ ಬೆಳೆ. ತಡಮಾಡಿದರೆ ಆಗಸ್ಟಿನಲ್ಲಿ ಕಾಯಿ ಬಿಡಿಸುವ ಹೊತ್ತಿಗೆ ಮಳೆ ಹಿಡಿದು ಗಿಡದಲ್ಲೇ ಮೊಳಕೆ ಒಡೆಯುತ್ತದೆ. ಅವಸರ ಮಾಡಿದರೆ ಬೀಜ ಮಣ್ಣಲ್ಲೇ ಕಮರುತ್ತದೆ, ಮತ್ತೆ ಸಾಲ, ಮತ್ತೆ ಬೀಜ, ಮತ್ತೆ ಕೂರಿಗೆ. ನಮಗೆ ಬೇಕಾದದ್ದು ಈ ಒಂದು ಪ್ರಶ್ನೆಗೆ ಉತ್ತರ: ಬಿತ್ತಿದ ಮೇಲಿನ ಎರಡು ವಾರ ಈ ಹೊಲದ ಮೇಲೆ ಏನಾಗುತ್ತದೆ?

ನಿಮ್ಮನ್ನು ಜನ ವಿಮಾನದ ಮನುಷ್ಯ ಎಂದೇ ನೆನೆಯುತ್ತಾರೆ. ನಾನು ಹಾಗೆ ನೋಡುವುದಿಲ್ಲ. 1933ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲೇ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಟಾಟಾ ಇನ್‌ಸ್ಟಿಟ್ಯೂಟ್ ಎಂದು ಜನ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ಧವನ್ ಅವರ ಶಿಷ್ಯರಾಗಿ, ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ 1961ರಲ್ಲಿ ಡಾಕ್ಟರೇಟ್ ಮುಗಿಸಿ, ಮರುವರ್ಷ ಬೆಂಗಳೂರಿಗೇ ವಾಪಸಾದಿರಿ. ನೀವು ಬದುಕಿಡೀ ಓದಿದ್ದು ಒಂದೇ ವಸ್ತು: ಹರಿಯುವ ಗಾಳಿ. ರೆಕ್ಕೆಗೆ ತಾಗಿ ಹರಿಯುವ ಗಾಳಿ ಎಲ್ಲಿಯವರೆಗೆ ಶಿಸ್ತಾಗಿ ಇರುತ್ತದೆ, ಎಲ್ಲಿ ಕದಡುತ್ತದೆ, ಕದಡಿದ್ದು ಮತ್ತೆ ತಿಳಿಯಾಗುವುದು ಹೇಗೆ ಎಂಬ ಪ್ರಶ್ನೆ ನಿಮ್ಮದಾಗಿತ್ತು. ಆ ಗಾಳಿ ರೆಕ್ಕೆ ಬಿಟ್ಟು ಮೋಡಕ್ಕೆ ಹೊಕ್ಕಾಗಲೂ ನೀವು ಅದರ ಬೆನ್ನು ಬಿಡಲಿಲ್ಲ. 1982ರಲ್ಲಿ ಅದೇ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ವಾಯುಮಂಡಲ ವಿಜ್ಞಾನದ ಕೇಂದ್ರ ಶುರುವಾದಾಗ ಮುಂದೆ ನಿಂತು ಕಟ್ಟಿದವರು ನೀವು. ಎರಡು ವರ್ಷದ ನಂತರ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್‌ನ ನಿರ್ದೇಶಕರಾದಿರಿ. ಅಲ್ಲೇ 1986ರಲ್ಲಿ ಫ್ಲೋಸಾಲ್ವರ್ ಎಂಬ ಕಂಪ್ಯೂಟರ್ ತಯಾರಾಯಿತು. ಹವಾಮಾನದ ಲೆಕ್ಕಕ್ಕೆಂದು ಅಮೆರಿಕದಿಂದ ಕ್ರೇ ಯಂತ್ರ ತರಿಸಲು ದಿಲ್ಲಿ ಪರದಾಡುತ್ತಿದ್ದ ಕಾಲದಲ್ಲಿ, ಹಲವು ಸಣ್ಣ ಸಂಸ್ಕಾರಕಗಳನ್ನು ಜೋಡಿಸಿ ದೊಡ್ಡ ಲೆಕ್ಕ ಬಿಡಿಸಬಹುದು ಎಂದು ಬೆಂಗಳೂರಿನಲ್ಲಿ ತೋರಿಸಿದ ಯಂತ್ರ ಅದು. ಮುಂದೆ ಅದೇ ಮನೆತನದ ಯಂತ್ರಗಳ ಮೇಲೆ ಮಳೆಯ ಲೆಕ್ಕವೂ ಓಡಿತು.

1990ರಲ್ಲಿ ಜೋಧಪುರ, ದಿಲ್ಲಿ, ವಾರಾಣಸಿ, ಖರಗಪುರಗಳಲ್ಲಿ 30 ಮೀಟರ್ ಎತ್ತರದ ಕಂಬಗಳು ಎದ್ದವು. ಮುಂಗಾರಿನ ಕಡಿಮೆ ಒತ್ತಡದ ಪಟ್ಟಿ ರಾಜಸ್ಥಾನದಿಂದ ಬಂಗಾಳ ಕೊಲ್ಲಿಯವರೆಗೆ ಚಾಚಿರುತ್ತದೆ. ಅದರ ಅಡಿಯಲ್ಲಿ ನೆಲದಿಂದ ಗಾಳಿಗೆ ಎಷ್ಟು ಬಿಸಿ, ಎಷ್ಟು ಆವಿ ಏರುತ್ತದೆ ಎಂದು ಅಳೆಯುವ ಮಾಂಟ್‌ಬ್ಲೆಕ್ಸ್ ಪ್ರಯೋಗ ಅದು. ಕಂಬಗಳೆಲ್ಲ ಉತ್ತರದಲ್ಲಿದ್ದವು, ಆದರೆ ಅಲ್ಲಿ ಅಳೆದದ್ದು ನಮಗೂ ಸಂಬಂಧಪಟ್ಟದ್ದೇ. ಆ ಪಟ್ಟಿ ಹಿಮಾಲಯದ ಬುಡಕ್ಕೆ ಸರಿದರೆ ನಡುನಾಡಿನ ಮಳೆ ನಿಂತುಬಿಡುತ್ತದೆ. ಜುಲೈನಲ್ಲಿ ನಮ್ಮ ತೊಗರಿ ಸಾಲುಗಳ ನಡುವೆ ಎಡೆ ಹೊಡೆಯುವಾಗ ಏಳುವ ಧೂಳಿಗೆ ಕಾರಣ ಸಾವಿರಾರು ಕಿಲೋಮೀಟರ್ ದೂರದಲ್ಲಿರುತ್ತದೆ.

ನನಗೆ ಎಲ್ಲಕ್ಕಿಂತ ಹಿಡಿಸುವುದು ನಿಮ್ಮ ನೀರಿನ ತೊಟ್ಟಿ. ಪ್ರಧಾನಮಂತ್ರಿಗಳ ವೈಜ್ಞಾನಿಕ ಸಲಹಾ ಮಂಡಳಿಯ ಸದಸ್ಯರಾಗಿ, ಬಾಹ್ಯಾಕಾಶ ಆಯೋಗದಲ್ಲಿ ವರ್ಷಾನುಗಟ್ಟಲೆ ಕೂತು, ಎಂಬತ್ತರ ಹತ್ತಿರ ಬಂದ ಮೇಲೂ ನೀವು ಮೋಡವನ್ನು ತೊಟ್ಟಿಯಲ್ಲಿ ಹುಟ್ಟಿಸಿ ನೋಡುತ್ತಿದ್ದಿರಿ. ತೊಟ್ಟಿಯ ತುಂಬ ಶುದ್ಧ ನೀರು, ಅದರಲ್ಲಿ ವಿದ್ಯುತ್ ಸರಿಯಾಗಿ ಹರಿಯುವುದಿಲ್ಲ. ತಳದ ಸಣ್ಣ ಬಾಯಿಂದ ಒಂದಿಷ್ಟು ಆಮ್ಲ ಬೆರೆತ ಬೆಚ್ಚನೆಯ ನೀರು ಮೇಲೇಳುತ್ತದೆ. ನಡುವೆ ತೆಳು ತಂತಿಗಳ ಜಾಲರಿಗೆ ವಿದ್ಯುತ್ ಕೊಟ್ಟರೆ ಸುತ್ತಲ ನೀರು ತಣ್ಣಗೇ ಇರುತ್ತದೆ, ಏರುತ್ತಿರುವ ಧಾರೆ ಮಾತ್ರ ಒಳಗೊಳಗೇ ಕಾಯುತ್ತದೆ. ಮೋಡದೊಳಗೆ ಆಗುವುದೂ ಇದೇ: ಆವಿ ಹನಿಯಾಗುವಾಗ ಬಿಡುವ ಶಾಖ ಮೋಡವನ್ನು ಒಳಗಿನಿಂದ ಕಾಯಿಸುತ್ತದೆ. ಬರಿಯ ಹೊಗೆಯಾಗಿದ್ದರೆ ಅಕ್ಕಪಕ್ಕದ ಗಾಳಿಯನ್ನು ಎಳೆದುಕೊಂಡು ಅಗಲವಾಗುತ್ತಾ ಸೊರಗುತ್ತಿತ್ತು. ಒಳಗಿನ ಶಾಖ ಆ ಎಳೆದುಕೊಳ್ಳುವಿಕೆಯನ್ನೇ ಬದಲಿಸುವುದರಿಂದ ಮೋಡ ಅಗಲಕ್ಕೆ ಹರಡದೆ ಎತ್ತರಕ್ಕೆ ಏರುತ್ತದೆ. ನಿಮ್ಮ ಸಂಗಡಿಗರ ಜೊತೆ 2011ರಲ್ಲಿ ಇದನ್ನು ಪ್ರಕಟಿಸಿದಿರಿ. ದಿಲ್ಲಿಯ ಸಭೆ ಮುಗಿಸಿ ಬಂದು ತೊಟ್ಟಿಯ ಮುಂದೆ ನಿಲ್ಲುವವರು ಸಭೆಯಲ್ಲಿ ಸುಮ್ಮನೆ ತಲೆಯಾಡಿಸಲಾರರು ಎಂಬ ನಂಬಿಕೆ ನನ್ನದು.

ಇಲ್ಲಿ ಇನ್ನೊಬ್ಬರ ಹೆಸರು ಹೇಳಬೇಕು. ವಸಂತ ಗೋವಾರಿಕರ್, ನಿಮ್ಮದೇ ವಯಸ್ಸಿನವರು, 1933ರಲ್ಲಿ ಹುಟ್ಟಿದ ಪುಣೆಯವರು. ರಾಕೆಟ್ಟಿನ ಘನ ಇಂಧನ ಕುದುರಿಸಿದವರು, ವಿಕ್ರಮ್ ಸಾರಾಭಾಯಿ ಬಾಹ್ಯಾಕಾಶ ಕೇಂದ್ರದ ನಿರ್ದೇಶಕರಾಗಿದ್ದವರು. 1986ರಿಂದ 1991ರವರೆಗೆ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿ, ಆಮೇಲೆ 1993ರವರೆಗೆ ಪ್ರಧಾನಮಂತ್ರಿಗಳ ವೈಜ್ಞಾನಿಕ ಸಲಹೆಗಾರ. 1987ರ ಭೀಕರ ಬರದ ಬೆನ್ನಿಗೆ, ಹವಾಮಾನ ಇಲಾಖೆಯವರ ಜೊತೆ ಸೇರಿ 16 ಅಂಶಗಳ ಮುಂಗಾರು ಮಾದರಿ ಕಟ್ಟಿದರು. ಹಿಮಾಲಯದ ಹಿಮ, ಯುರೇಷಿಯಾದ ಹಿಮ, ಪೆಸಿಫಿಕ್ ಕಡಲಿನ ಎಲ್ ನಿನೋ, ಅರ್ಜೆಂಟೀನಾದ ವಾಯುಭಾರ, ಎಲ್ಲ ಸೇರಿಸಿ ಕೊನೆಗೆ ಒಂದು ಅಂಕಿ: ಈ ವರ್ಷ ದೇಶದ ಮಳೆ ವಾಡಿಕೆಯ ಶೇಕಡ ಇಷ್ಟು. 1988ರಿಂದ ಹತ್ತಕ್ಕೂ ಹೆಚ್ಚು ವರ್ಷ ಮುಂಗಾರು ವಾಡಿಕೆಯ ಆಜುಬಾಜೇ ಇತ್ತು, ಅಂಕಿಯೂ ಗೌರವ ಉಳಿಸಿಕೊಂಡಿತು. 2002ರಲ್ಲಿ ಶೇ 101 ಎಂದರು, ಬಿದ್ದದ್ದು ಶೇ 81. ಜುಲೈ ತಿಂಗಳು ದೇಶದ ಮಳೆ ಅರ್ಧಕ್ಕೆ ಇಳಿಯಿತು. ಮರುವರ್ಷ ಆ ಮಾದರಿಯನ್ನು ಬದಿಗಿಟ್ಟು ಹೊಸದು ತಂದರು.

ಗೋವಾರಿಕರ್ ಅವರನ್ನು ದೂರಲು ಇದನ್ನು ಬರೆಯುತ್ತಿಲ್ಲ. ರಾಕೆಟ್ ಬಿಟ್ಟು ಮಳೆಯ ಕಡೆ ತಿರುಗಿದ್ದೇ ಅವರ ದೊಡ್ಡತನ. ನನ್ನ ತಕರಾರು ಆ ಒಂದು ಅಂಕಿಯನ್ನು ಕೇಳಿದ ಕುರ್ಚಿಗಳ ಬಗ್ಗೆ. ಹಣಕಾಸು ಸಚಿವಾಲಯಕ್ಕೆ, ಧಾನ್ಯದ ಗೋದಾಮಿಗೆ, ಷೇರು ಪೇಟೆಗೆ ದೇಶದ ಒಟ್ಟು ಮಳೆ ಎಷ್ಟು ಎಂಬ ಒಂದು ಅಂಕಿ ಸಾಕು. ಹೂವಿನಹಡಗಲಿಯ ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ನುಡಿಯುವ ಕಾರಣಿಕದ ಒಂದು ಸಾಲಿನ ಹಾಗೆ, ಆ ಅಂಕಿಯನ್ನು ಯಾರು ಹೇಗೆ ಬೇಕಾದರೂ ಬಿಡಿಸಿಕೊಳ್ಳಬಹುದು. ಕೇರಳದಲ್ಲಿ ನೆರೆ, ಯಾದಗಿರಿಯಲ್ಲಿ ಬರ ಬಿದ್ದರೂ ದೇಶದ ಸರಾಸರಿ ನೆಟ್ಟಗೇ ಇರುತ್ತದೆ. ಸರಾಸರಿಯಲ್ಲಿ ಯಾರೂ ಬಿತ್ತುವುದಿಲ್ಲ ಸರ್.

ಈ ಮಾತನ್ನು ವಿಜ್ಞಾನದ ಒಳಗಿನಿಂದಲೇ ಹೇಳಿದವರು ನಿಮ್ಮದೇ ಅಂಗಳದಲ್ಲಿದ್ದರು. ಸುಲೋಚನಾ ಗಾಡ್ಗೀಳ್ ಹಾರ್ವರ್ಡ್‌ನಲ್ಲಿ ಓದಿ ಬಂದು 1973ರಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಸೇರಿದರು. ಮುಂಗಾರಿನ ಮೋಡದ ಪಟ್ಟಿಗಳು ಕಡಲಿನಿಂದ ಉತ್ತರಕ್ಕೆ ಹೇಗೆ ಅಲೆಯಲೆಯಾಗಿ ಬರುತ್ತವೆ ಎಂದು ಹವಾಮಾನ ವಿಜ್ಞಾನಿ ಸಿಕ್ಕಾ ಅವರೊಂದಿಗೆ 1980ರಲ್ಲಿ ತೋರಿಸಿದರು. ಅಷ್ಟಕ್ಕೇ ಜಗತ್ತು ಅವರನ್ನು ನೆನೆಯುತ್ತಿತ್ತು. ಆದರೆ ಅವರು ಪಾವಗಡ, ಅನಂತಪುರದ ಶೇಂಗಾ ಹೊಲಗಳಿಗೆ ಹೋದರು. ರೈತರ ಜೊತೆ ಕೂತು, ಯಾವ ಹಂತದಲ್ಲಿ ಒಣ ಹವೆ ತಾಗಿದರೆ ಗಿಡ ಸೋಲುತ್ತದೆ ಎಂದು ಕೇಳಿ, ದಶಕಗಳ ಮಳೆಯ ದಾಖಲೆ ಹರಡಿಕೊಂಡು, ಬಿತ್ತನೆ ಯಾವಾಗ ಆದರೆ ಕಾಯಿ ಕಟ್ಟುವ ಹೊತ್ತಿಗೆ ಅಪಾಯ ಕಡಿಮೆ ಎಂದು ಲೆಕ್ಕ ಹಾಕಿದರು. ಸಿದ್ಧಾರ್ಥ ಗಾಡ್ಗೀಳ್ ಅವರ ಸಂಗಡ ಇವರು 2006ರಲ್ಲಿ ಬರೆದ ಲೇಖನವನ್ನು ಸಲಹೆ ಹೇಳುವವರೆಲ್ಲ ಓದಬೇಕು. ತೀವ್ರ ಬರದ ವರ್ಷ ದೇಶದ ಒಟ್ಟು ಉತ್ಪನ್ನದ ಶೇ 2ರಿಂದ 5ರಷ್ಟು ಕೈಬಿಡುತ್ತದೆ, ಆದರೆ ಒಳ್ಳೆ ಮಳೆಯ ವರ್ಷ ಅಷ್ಟು ಗಳಿಕೆ ಆಗುವುದಿಲ್ಲ. ಯಾಕೆಂದರೆ ಮಳೆ ಬರುತ್ತದೆಂಬ ಭರವಸೆ ಇಲ್ಲದ ರೈತ ಮಳೆಯಾಶ್ರಿತ ಹೊಲಕ್ಕೆ ಗೊಬ್ಬರ, ಔಷಧಿ ಸುರಿಯುವುದಿಲ್ಲ. ನಮ್ಮೂರಿನಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಅದನ್ನು ಲೆಕ್ಕವಾಗಿ ಇಟ್ಟು ದಿಲ್ಲಿಯ ಮುಂದೆ ಹಿಡಿಯಲು ಒಬ್ಬ ಹವಾಮಾನ ವಿಜ್ಞಾನಿ ಬೇಕಾಯಿತು. 2025ರಲ್ಲಿ ಸುಲೋಚನಾ ಅವರೂ ತೀರಿಕೊಂಡರು.

ರಾಜ್ಯದ ಕಡೆಯಿಂದ ನಡೆದದ್ದನ್ನೂ ಹೇಳದಿದ್ದರೆ ತಪ್ಪಾದೀತು. 1988ರಲ್ಲಿ ಕರ್ನಾಟಕದಲ್ಲಿ ಬರ ನಿಗಾ ಘಟಕ ಶುರುವಾಯಿತು, ದೇಶದಲ್ಲೇ ಅಂಥದ್ದು ಮೊದಲು. ಈಗ ಅದು ಯಲಹಂಕದ ಬಳಿ ಇರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿಗೊಂದರಂತೆ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳನ್ನು ನಿಲ್ಲಿಸಿದರು. ಸಣ್ಣ ಸೌರಫಲಕ, ಒಂದು ಆಲಿಕೆ, ಅದರ ಕೆಳಗೆ ತೂಗಾಡುವ ಪುಟ್ಟ ಬಟ್ಟಲು. ಬಟ್ಟಲು ತುಂಬಿ ಒಮ್ಮೆ ಮಗುಚಿದರೆ ಇಷ್ಟು ಮಿಲಿಮೀಟರ್ ಎಂದು ಎಣಿಕೆ, ಹದಿನೈದು ನಿಮಿಷಕ್ಕೊಮ್ಮೆ ಬೆಂಗಳೂರಿಗೆ ಸುದ್ದಿ. ರೈತ ಹಗಲು ರಾತ್ರಿ ಫೋನು ಮಾಡಿ ಮಳೆ ಕೇಳುವ ವರುಣಮಿತ್ರವೂ ಇದೆ. ಹೋಬಳಿಗೊಬ್ಬ ಗುಮಾಸ್ತ ಬರೆದಿಡುತ್ತಿದ್ದ ಮಳೆಯ ಲೆಕ್ಕ ಹೀಗೆ ಊರಿನ ಲೆಕ್ಕವಾದದ್ದು ಸಣ್ಣ ಕೆಲಸವಲ್ಲ. ಆದರೆ ಆಲಿಕೆಯ ಬಾಯಿಗೆ ಒಂದು ಬೇವಿನ ಎಲೆ ಸಿಕ್ಕಿಕೊಂಡರೆ ಮಳೆ ಬಿದ್ದರೂ ಬಿದ್ದಿಲ್ಲ ಎಂದು ದಾಖಲಾಗುತ್ತದೆ. ಬಿತ್ತನೆಯೇ ಆಗಲಿಲ್ಲ ಎಂದು ಬೆಳೆವಿಮೆ ಕೇಳುವಾಗ, ಬರದ ತಾಲ್ಲೂಕು ಯಾವುದು ಎಂದು ತೀರ್ಮಾನವಾಗುವಾಗ ಆ ಬಟ್ಟಲಿನ ಎಣಿಕೆಯೇ ಸಾಕ್ಷಿ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು, ಪರಿಹಾರದ ಹಣಕ್ಕಾಗಿ ರಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಎಲೆ ತೆಗೆಯುವವನ ಸಂಬಳವೂ ವಿಜ್ಞಾನ ನೀತಿಯ ಭಾಗ ಎಂದು ಯಾರಾದರೂ ಸಲಹೆಗಾರರು ಬರೆದಿದ್ದರೆ ಅವರಿಗೆ ನನ್ನ ನಮಸ್ಕಾರ.

ಈಗ ನಿಮ್ಮ ನಂತರ ನಡೆದದ್ದು. 2024ರ ಆರಂಭದಲ್ಲಿ ದೇಶದಾದ್ಯಂತ ಕೃಷಿ ವಿಜ್ಞಾನ ಕೇಂದ್ರಗಳಲ್ಲಿದ್ದ 199 ಜಿಲ್ಲಾ ಕೃಷಿ ಹವಾಮಾನ ಘಟಕಗಳನ್ನು ಮುಚ್ಚಿದರು. ವಾರಕ್ಕೆರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಮುಂದಿನ ಐದು ದಿನದ ಹವೆ ನೋಡಿ, ಈ ಬೆಳೆಗೆ ಔಷಧಿ ಹೊಡೆಯಬೇಡಿ, ಆ ಬೆಳೆ ಕೊಯ್ಲು ಮಾಡಿ ಎಂದು ಆಯಾ ಭಾಷೆಯಲ್ಲಿ ಹೇಳುತ್ತಿದ್ದ ಘಟಕಗಳವು. ಅದೇ ವರ್ಷದ ಅಕ್ಟೋಬರಿನಲ್ಲಿ ಗ್ರಾಮ ಪಂಚಾಯಿತಿ ಮಟ್ಟದ ಮುನ್ಸೂಚನೆ ಬಂತು. 2025ರ ಮೇ ತಿಂಗಳಲ್ಲಿ 6 ಕಿಲೋಮೀಟರ್ ಚೌಕದ ಲೆಕ್ಕ ಹಾಕುವ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ ಬಂತು. ಅದೇ ಮುಂಗಾರಿಗೆ ಕೃಷಿ ಸಚಿವಾಲಯ ಕೃತಕ ಬುದ್ಧಿಮತ್ತೆಯ ಮಾದರಿಗಳನ್ನು ಬಳಸಿ, 13 ರಾಜ್ಯಗಳ 3.8 ಕೋಟಿ ರೈತರ ಮೊಬೈಲಿಗೆ, ನಿಮ್ಮ ಕಡೆ ಮಳೆ ಯಾವಾಗ ಹಿಡಿಯುತ್ತದೆ ಎಂಬ ಸಂದೇಶ ಕಳಿಸಿತು. ನಡುವೆ ಮುಂಗಾರು ತಟಸ್ಥವಾಗುವುದನ್ನೂ ಮೊದಲೇ ಹೇಳಿತ್ತು. ಪಾವಗಡದಲ್ಲಿ ಗಾಡ್ಗೀಳ್ ಮೇಡಂ ಹಿಡಿದ ಪ್ರಶ್ನೆ ಕೊನೆಗೂ ಸಚಿವಾಲಯದ ಮೇಜಿಗೆ ಬಂದಿದೆ ಎಂದು ಸಂತೋಷಪಟ್ಟೆ.

ಸಂತೋಷದ ಜೊತೆಗೇ ಸಂಕಟವೂ ಇದೆ. ಲೆಕ್ಕ ಹೊಲದ ಹತ್ತಿರ ಬರುತ್ತಿರುವ ಹೊತ್ತಿಗೇ, ಅದನ್ನು ಹೊಲದ ಮಾತಿಗೆ ಇಳಿಸುವ ಮನುಷ್ಯನನ್ನು ಮನೆಗೆ ಕಳಿಸಿದರು. ನವೆಂಬರಿನಲ್ಲಿ ತೊಗರಿ ಹೂ ಹಿಡಿದಾಗ ನಾಲ್ಕು ದಿನ ಮೋಡ ಮುಸುಕಿದರೆ ಹೂ ಉದುರುತ್ತದೆ, ಕಾಯಿಕೊರಕ ಏರುತ್ತದೆ. ಶೇ 60 ಮೋಡ ಎಂಬ ಸಂದೇಶ ಮೊಬೈಲಿಗೆ ಬಂದರೆ ಅದನ್ನು ಔಷಧಿಯ ಪಂಪಿಗೆ ಜೋಡಿಸಿ ಹೇಳುವವರು ಯಾರು? ಭೀಮರಾಯನಗುಡಿಯ ಕೃಷಿ ಕಾಲೇಜಿನವರು, ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದವರು ಇದ್ದಾರೆ, ಆದರೆ ಮೂರು ತಾಲ್ಲೂಕು ಆರು ತಾಲ್ಲೂಕಾಗಿರುವ ನಮ್ಮ ಜಿಲ್ಲೆಯ ಅಷ್ಟೂ ಹೊಲಕ್ಕೆ ಅವರೆಷ್ಟು ಓಡಾಡಿಯಾರು? ನಿಮ್ಮ ತಂದೆ ಆರ್.ಎಲ್. ನರಸಿಂಹಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾ ಕನ್ನಡದಲ್ಲಿ ವಿಜ್ಞಾನ ಬರೆದವರು. ತಿಳಿದದ್ದನ್ನು ತಿಳಿಯುವ ಹಾಗೆ ಹೇಳುವುದೂ ವಿಜ್ಞಾನಿಯ ಕೆಲಸವೇ ಎಂದು ನಿಮಗೆ ಮನೆಯಲ್ಲೇ ಗೊತ್ತಾಗಿದ್ದಿರಬೇಕು.

ನಿಮ್ಮ ಬಗ್ಗೆ ನನ್ನ ಗೌರವ ಗಟ್ಟಿಯಾದದ್ದು 2012ರಲ್ಲಿ. ಆಂಟ್ರಿಕ್ಸ್–ದೇವಾಸ್ ಉಪಗ್ರಹ ಒಪ್ಪಂದದ ಗದ್ದಲದಲ್ಲಿ ಇಸ್ರೊದ ಮಾಜಿ ಅಧ್ಯಕ್ಷ ಮಾಧವನ್ ನಾಯರ್ ಸೇರಿ ನಾಲ್ವರು ವಿಜ್ಞಾನಿಗಳಿಗೆ ಸರ್ಕಾರಿ ಹುದ್ದೆ ಹಿಡಿಯದಂತೆ ತಡೆ ಬಿದ್ದಾಗ, ಇದು ಸರಿಯಲ್ಲವೆಂದು ನೀವು ಬಾಹ್ಯಾಕಾಶ ಆಯೋಗಕ್ಕೆ ರಾಜೀನಾಮೆ ಕೊಟ್ಟಿರಿ. ಆ ಒಪ್ಪಂದದ ಸರಿತಪ್ಪು ತೂಗುವುದು ನನ್ನ ಕೆಲಸವಲ್ಲ. ಸಲಹೆಗಾರ ಎದ್ದು ಹೊರಗೆ ಬರಬಲ್ಲ ಎಂಬುದಷ್ಟೇ ನನಗೆ ಮುಖ್ಯ. ಎದ್ದು ಬಂದರೆ ಹೋಗಲು ನಿಮಗೊಂದು ಪ್ರಯೋಗಾಲಯ ಇತ್ತು, ಮುಗಿಯದ ಪ್ರಶ್ನೆ ಇತ್ತು. 199 ಘಟಕಗಳಿಗೆ ಬೀಗ ಬಿದ್ದಾಗ ಮಾತ್ರ, ಹೀಗೆ ಮಾಡಬೇಡಿ ಎಂದು ಕುರ್ಚಿ ಬಿಟ್ಟು ಎದ್ದವರ ಸುದ್ದಿ ನಮ್ಮ ಕಿವಿಗೆ ಬೀಳಲಿಲ್ಲ.

1999ರಲ್ಲಿ ಪ್ರಧಾನ ವೈಜ್ಞಾನಿಕ ಸಲಹೆಗಾರರ ಹುದ್ದೆ ಹುಟ್ಟಿದ ಮೇಲೆ ಅಬ್ದುಲ್ ಕಲಾಂ, ಆರ್. ಚಿದಂಬರಂ, ಕೆ. ವಿಜಯರಾಘವನ್, ಅಜಯ್ ಕುಮಾರ್ ಸೂದ್ ಅಲ್ಲಿ ಕೂತರು. ಕ್ಷಿಪಣಿ, ಅಣು, ಜೀವಶಾಸ್ತ್ರ, ಭೌತಶಾಸ್ತ್ರ. ಎಲ್ಲರೂ ದೊಡ್ಡವರೇ. ಮಳೆ ಓದಿದವರಿಗೆ ಮಾತ್ರ ಸರದಿ ಬಂದಿಲ್ಲ. ಮುಂದಿನ ಸಲ ಬಂದರೆ, ಆ ವಿಜ್ಞಾನಿ ಈ ಪತ್ರವನ್ನೂ ಓದಲಿ. ಮಳೆಗಾಲಕ್ಕೆ ಮೊದಲು ಸರ್ಕಾರಕ್ಕೆ ಕೊಟ್ಟ ಸಲಹೆಯನ್ನು ಮಳೆಗಾಲ ಮುಗಿದ ಮೇಲೆ ಬಹಿರಂಗ ಮಾಡಲಿ, ಯಾವುದು ಕೂಡಿತು ಯಾವುದು ತಪ್ಪಿತು ಎಂಬುದರ ಸಮೇತ. ದೇಶದ ಶೇಕಡಾವಾರು ಅಂಕಿಯ ಪಕ್ಕದಲ್ಲಿ, ಕಾಲುವೆ ಇಲ್ಲದ ತಾಲ್ಲೂಕುಗಳಿಗೆ ಜೂನ್ ತಿಂಗಳ ಒಣ ದಿನಗಳ ಸಂಭವ ಎಷ್ಟೆಂಬುದನ್ನೂ ಅಚ್ಚು ಹಾಕಿಸಲಿ. ಪ್ರತಿ ಗುರುವಾರ ಹೊರಡುವ ನಾಲ್ಕು ವಾರದ ಮುನ್ನೋಟ ರೈತ ಸಂಪರ್ಕ ಕೇಂದ್ರದ ಗೋಡೆಯ ಮೇಲೆ ಶುಕ್ರವಾರ ಬೆಳಿಗ್ಗೆ ಕನ್ನಡದಲ್ಲಿ ಅಂಟಿರಲಿ. ಅದು ರೋಹಿಣಿ, ಮಿರಗ, ಆರಿದ್ರಾ ಎಂದು ಬರೆದಿದ್ದರೂ ನಡೆಯುತ್ತದೆ. ಒಂದೊಂದು ನಕ್ಷತ್ರಕ್ಕೆ 13–14 ದಿನ, ವಿಜ್ಞಾನ ಈಗ ನೆಚ್ಚಬಹುದಾದ ಮುನ್ನೋಟದ ಅಳತೆಯೂ ಸುಮಾರು ಅಷ್ಟೇ. ಮುಚ್ಚಿದ ಘಟಕಗಳನ್ನು ತೆರೆಯಿಸಲಿ, ಅಲ್ಲಿ ಕೂರುವವರಿಗೆ ಗುತ್ತಿಗೆಯ ಭಯ ಇಲ್ಲದ ಕೆಲಸ ಕೊಡಿಸಲಿ. ಮತ್ತು ಗೊತ್ತಿಲ್ಲದ್ದನ್ನು ಸಚಿವರ ಮುಂದೆಯೂ ಗೊತ್ತಿಲ್ಲ ಎನ್ನಲಿ. ನಮ್ಮ ಮುಂದೆ ಹಾಗೆ ಹೇಳಿದರೆ ನಾವು ಬೇಸರ ಮಾಡಿಕೊಳ್ಳುವುದಿಲ್ಲ, ಅರ್ಧ ಹೊಲ ಬಿತ್ತಿ ಅರ್ಧ ಉಳಿಸಿಕೊಳ್ಳುತ್ತೇವೆ.

ಇಂತಿ ನಿಮ್ಮವ,
ಅಬ್ಬೆತುಮಕೂರಿನ ಒಬ್ಬ ತೊಗರಿ ಬೆಳೆಗಾರ